ತೋಟದ ಲೈನ್‌ನಲ್ಲಿ (ಕೆಲಸದವರ ಸಾಲುಮನೆ) ಇಬ್ಬರಿಗೆ ಮಲೇರಿಯಾ, ಕೆಲಸದವರನ್ನ ವಾಪಸ್ ಕಳಿಸಬೇಕಾ?

ಹಾನುಬಾಳು_ತೋಟ:

ಎಲ್ಲರಿಗೂ ನಮಸ್ಕಾರ. ಸಕಲೇಶಪುರ ತಾಲ್ಲೂಕು, ಹಾನುಬಾಳು ಕಡೆ ನಮ್ಮದು 22 ಎಕರೆ ಕಾಫಿ, ಕೆಳಗೆ ಒಂದೂವರೆ ಎಕರೆ ಗದ್ದೆ. ಅರೇಬಿಕಾ ಕೊಯ್ಲು ಈಗಷ್ಟೇ ಶುರು. ಊರಲ್ಲಿ ಆಳು ಸಿಗಲ್ಲ, ನಿಮಗೆಲ್ಲ ಗೊತ್ತು. ಅಸ್ಸಾಂನಿಂದ 11 ಜನ ಬಂದು ಇವತ್ತಿಗೆ 14 ದಿನ.

ಬಂದ ಎಂಟನೇ ದಿನ ಅವರಲ್ಲಿ ಒಬ್ಬನಿಗೆ ಜ್ವರ. ಮಧ್ಯಾಹ್ನ ಎರಡು ಗಂಟೆ, ಕಣದಲ್ಲಿ ಸುಡುವ ಬಿಸಿಲು, ಅಲ್ಲಿ ನಿಂತವನು ಗಡಗಡ ನಡುಗಲು ಶುರು ಮಾಡಿದ. ಮೂರು ಕಂಬಳಿ ಹೊದಿಸಿದರೂ ಹಲ್ಲು ಕಟಕಟ ಅನ್ನೋದು ನಿಲ್ಲಲಿಲ್ಲ. ಆಮೇಲೆ ಮೈ ಕೆಂಡ. ಸಂಜೆ ಹೊತ್ತಿಗೆ ಬನಿಯನ್ ಹಿಂಡುವಷ್ಟು ಬೆವರು ಬಂತು, ಎದ್ದು ಕೂತು ಟೀ ಕೇಳಿದ. ಸರಿ ಹೋಯ್ತು ಅಂದುಕೊಂಡೆ. ಮರುದಿನ ಕೆಲಸಕ್ಕೂ ಬಂದ. ಅದರ ಮರುದಿನ ಅದೇ ಹೊತ್ತಿಗೆ ಅದೇ ನಡುಕ. ಆಗ ಆಶಾ ಅಕ್ಕನಿಗೆ ಫೋನ್ ಮಾಡಿದೆ. ಬೆರಳು ಚುಚ್ಚಿ ಕಿಟ್‌ಗೆ ಒಂದು ಹನಿ ರಕ್ತ ಹಾಕಿದರು, ಸ್ವಲ್ಪ ಹೊತ್ತಿಗೆ ಗೆರೆ ಬಂತು. ವೈವಾಕ್ಸ್ ಮಲೇರಿಯಾ ಅಂದರು. ಮರುದಿನ ಆಸ್ಪತ್ರೆಯವರು ಬಂದು ಲೈನ್‌ನಲ್ಲಿ ಇದ್ದವರದೆಲ್ಲ ರಕ್ತ ತೆಗೆದುಕೊಂಡು ಹೋದರು. ನಮ್ಮೂರಿನದೇ ಒಬ್ಬ ಹುಡುಗ, ಮೋಟರ್, ಸ್ಪ್ರಿಂಕ್ಲರ್ ಎಲ್ಲ ನೋಡಿಕೊಳ್ಳೋನು, ಅವನಿಗೂ ಎರಡು ದಿನದಿಂದ ಸಣ್ಣಗೆ ಜ್ವರ ಇತ್ತಂತೆ, ಹೇಳಿರಲಿಲ್ಲ. ಅವನದೂ ಪಾಸಿಟಿವ್. ಅದೂ ವೈವಾಕ್ಸೇ.

ಈಗ ಪಕ್ಕದ ತೋಟದವರು, ನೋಡಿ ಅಸ್ಸಾಂನವನು ಬಂದ ಹತ್ತು ದಿನಕ್ಕೇ ನಮ್ಮ ಹುಡುಗನಿಗೆ ಅಂಟಿಸಿದ, ಎಲ್ಲರನ್ನೂ ವಾಪಸ್ ಕಳಿಸಿಬಿಡಿ, ಇಲ್ಲದಿದ್ದರೆ ಊರಿಗೇ ಹಬ್ಬುತ್ತೆ ಅಂತ ದಿನಾ ತಲೆ ತಿನ್ನುತ್ತಿದ್ದಾರೆ. ಕೊಯ್ಲಿನ ಮಧ್ಯೆ ಕಳಿಸಿದರೆ ಹಣ್ಣು ನೆಲಕ್ಕೆ ಉದುರುತ್ತೆ.

ಇನ್ನೊಂದು ತಲೆನೋವು. ಮೂರು ದಿನದ ಮಾತ್ರೆ ಮುಗಿಸಿ ಇಬ್ಬರೂ ಆರಾಮಾಗಿದ್ದಾರೆ. ಜೊತೆಗೆ ಇನ್ನೊಂದು ಚಿಕ್ಕ ಮಾತ್ರೆ ಕೊಟ್ಟಿದ್ದಾರೆ, 14 ದಿನ ನುಂಗಬೇಕಂತೆ. ಹೊಟ್ಟೆ ಉರಿ ಬರುತ್ತೆ, ಜ್ವರವೇ ಇಲ್ವಲ್ಲ, ಯಾಕೆ ಅಂತ ಇಬ್ಬರೂ ಬೇಡ ಅಂತಿದ್ದಾರೆ. ಅದು ನಿಜವಾಗಲೂ ಬೇಕಾ? ಪಂಚಾಯ್ತಿಗೆ ಹೇಳಿ ಫಾಗಿಂಗ್ ಮಾಡಿಸಬೇಕಾ? ಮನೆಯಲ್ಲಿ 4 ವರ್ಷದ ಮಗಳಿದ್ದಾಳೆ. ತಂಗಿ ಹೆರಿಗೆಗೆ ಬಂದಿದ್ದಾಳೆ, ಏಳು ತಿಂಗಳು. ಭಯ ಇರೋದು ಅದಕ್ಕೆ.

ಕಣದಂಚು:

ಗೌಡ್ರೇ, ನೆಲಬೇವು, ಅಮೃತಬಳ್ಳಿ ಎರಡನ್ನೂ ಕುದಿಸಿ ಬೆಳಗ್ಗೆ ಸಂಜೆ ಕೊಡಿ. ನಮ್ಮಜ್ಜಿ ಕಾಲದಲ್ಲಿ ಎಂಥ ಚಳಿಜ್ವರಕ್ಕೂ ಇದೇ. ಆ ಮಾತ್ರೆ 14 ದಿನ ನುಂಗಿದರೆ ಲಿವರ್ ಕಥೆ ಮುಗೀತು. ಆಳುಗಳ ವಿಷಯ ನಿಮಗೆ ಬಿಟ್ಟಿದ್ದು, ನಾನಾಗಿದ್ದರೆ ಕಳಿಸುತ್ತಿದ್ದೆ.

ಹಳೇ_ಸ್ಲೈಡು:

ಕಣದಂಚು ಅವರೇ, ನಿಮ್ಮ ಅಜ್ಜಿ ಕಾಲದಲ್ಲಿ ಚಳಿಜ್ವರಕ್ಕೆ ಜನ ಹೇಗೆ ಸಾಯುತ್ತಿದ್ದರು ಅಂತ ನಮ್ಮ ಅಜ್ಜಿಯನ್ನ ಕೇಳಬೇಕಿತ್ತು ನೀವು. ಬೇಜಾರಾಗಬೇಡಿ, ಆಮೇಲೆ ಬರ್ತೀನಿ ಅದಕ್ಕೆ.

ನಾನು ಆರೋಗ್ಯ ಇಲಾಖೆಯಲ್ಲಿ ಸಹಾಯಕನಾಗಿ ಇದ್ದು ನಿವೃತ್ತಿ ಆದವನು. ಮೂಡಿಗೆರೆ ಕಡೆ ಕೆಲವು ವರ್ಷ, ಅರಸೀಕೆರೆ ಕಡೆ ಕೆಲವು ವರ್ಷ. ಮನೆ ಮನೆ ತಿರುಗಿ ಜ್ವರ ಇದೆಯಾ ಅಂತ ಕೇಳಿ ಗಾಜಿನ ಸ್ಲೈಡ್ ಮೇಲೆ ರಕ್ತಲೇಪನ ತೆಗೆಯೋದೇ ಕೆಲಸ, ಅದಕ್ಕೇ ಈ ಹೆಸರು.

ಮೊದಲು ಲೆಕ್ಕ ಹಾಕೋಣ. ಸೊಳ್ಳೆ ಕಚ್ಚಿದ ಮರುದಿನ ಮಲೇರಿಯಾ ಬರಲ್ಲ. ವೈವಾಕ್ಸ್ ಆದರೆ ಕಚ್ಚಿದ ಮೇಲೆ ಜ್ವರ ಕಾಣಲು ಸಾಮಾನ್ಯವಾಗಿ 12ರಿಂದ 17 ದಿನ ಬೇಕು, ಕೆಲವರಲ್ಲಿ ತಿಂಗಳುಗಟ್ಟಲೆ. ನಿಮ್ಮ ಅಸ್ಸಾಂ ಹುಡುಗನಿಗೆ ಎಂಟೇ ದಿನಕ್ಕೆ ಜ್ವರ ಬಂದಿದೆ ಅಂದರೆ ಅವನು ಅದನ್ನ ಮೈಯಲ್ಲಿ ಇಟ್ಟುಕೊಂಡೇ ರೈಲು ಹತ್ತಿದ್ದಾನೆ. ಅಲ್ಲಿಗೆ ಒಂದು ಆಯ್ತು.

ಈಗ ನಿಮ್ಮೂರ ಹುಡುಗ. ಅಸ್ಸಾಂನವನಿಂದ ಇವನಿಗೆ ಬರಬೇಕಾದರೆ ಏನೇನು ಆಗಬೇಕು ನೋಡಿ. ಅವನನ್ನ ಒಂದು ಅನಾಫಿಲಿಸ್ ಹೆಣ್ಣು ಸೊಳ್ಳೆ ಕಚ್ಚಬೇಕು. ಆ ಸೊಳ್ಳೆ ಹೊಟ್ಟೆಯಲ್ಲಿ ರೋಗಾಣು ಬೆಳೆದು ಅದರ ಜೊಲ್ಲಿಗೆ ಬರಲು ಹತ್ತು ದಿನ, ಅದಕ್ಕಿಂತ ಜಾಸ್ತಿಯೂ ಆಗಬಹುದು, ನಮ್ಮ ಮಲೆನಾಡಿನ ಈ ಚಳಿಯಲ್ಲಂತೂ ಇನ್ನೂ ನಿಧಾನ. ಆಮೇಲೆ ಅದು ನಿಮ್ಮ ಹುಡುಗನನ್ನ ಕಚ್ಚಬೇಕು. ಆಮೇಲೆ ಇನ್ನೊಂದು 12 ದಿನ. ಎಲ್ಲ ಸೇರಿ ಮೂರು ವಾರದ ಮೇಲೆ. ನಿಮ್ಮ ಲೆಕ್ಕದಲ್ಲಿ ಅಷ್ಟು ದಿನವೇ ಇಲ್ಲ. ಅಂದರೆ ಅಸ್ಸಾಂನವನು ಅಂಟಿಸಿದ್ದು ಅನ್ನೋದು ಸುಳ್ಳು.

ಹಾಗಾದರೆ ಎಲ್ಲಿಂದ ಬಂತು? ಒಂದು ಪ್ರಶ್ನೆ ಕೇಳ್ತೀನಿ. ಆ ಹುಡುಗ ಈ ವರ್ಷ ಘಾಟಿ ಇಳಿದು ಮಂಗಳೂರಿಗೆ ಕೆಲಸಕ್ಕೆ ಹೋಗಿದ್ನಾ? ಕೇಳಿ ನೋಡಿ. ಹೋಗಿದ್ದರೆ ಅಲ್ಲಿ ಜ್ವರ ಬಂದಿತ್ತಾ, ಏನು ಮಾತ್ರೆ ತಗೊಂಡ, ಎಷ್ಟು ದಿನ, ಅದನ್ನೂ ಕೇಳಿ.

ಹಾನುಬಾಳು_ತೋಟ:

ಸರ್, ನೀವು ಶಾಸ್ತ್ರ ಹೇಳ್ತೀರಾ? ಈಗಷ್ಟೇ ಲೈನ್ ಹತ್ತಿರ ಹೋಗಿ ಕೇಳಿ ಬಂದೆ. ಜೂನ್‌ನಲ್ಲಿ ಮಂಗಳೂರಿಗೆ ಸೆಂಟ್ರಿಂಗ್ ಕೆಲಸಕ್ಕೆ ಹೋಗಿದ್ದನಂತೆ, ಎರಡು ತಿಂಗಳು. ಮಳೆಗಾಲದಲ್ಲಿ ಇಲ್ಲಿ ತೋಟದಲ್ಲಿ ಕೆಲಸ ಕಡಿಮೆ ಅಂತ ಹೋಗಿದ್ದು, ನನಗೆ ನೆನಪೇ ಇರಲಿಲ್ಲ. ಅಲ್ಲೂ ಜ್ವರ ಬಂದಿತ್ತಂತೆ. ಮಲೇರಿಯಾ ಅಂತ ಹೇಳಿ ಮಾತ್ರೆ ಕೊಟ್ಟಿದ್ದರಂತೆ. ಮೂರು ದಿನ ನುಂಗಿದ, ಜ್ವರ ಬಿಟ್ಟಿತು, ಉಳಿದ ಮಾತ್ರೆಯ ಚೀಟಿ ಪ್ಯಾಂಟ್ ಜೇಬಲ್ಲೇ ಒಗೆಯೋಕೆ ಹೋಯ್ತು ಅಂತ ನಗ್ತಾನೆ ಸರ್ ಅವನು.

ಹಳೇ_ಸ್ಲೈಡು:

ಶಾಸ್ತ್ರ ಅಲ್ಲ, ಇದೇ ಕಥೆಯನ್ನ ಎಷ್ಟು ಸಲ ಕೇಳಿದ್ದೀನೋ ಲೆಕ್ಕ ಇಲ್ಲ. ನಮ್ಮ ರಾಜ್ಯದಲ್ಲಿ ವರ್ಷಗಟ್ಟಲೆ ಮಲೇರಿಯಾ ಜಾಸ್ತಿ ಇದ್ದಿದ್ದೇ ದಕ್ಷಿಣ ಕನ್ನಡದಲ್ಲಿ, ಅದರಲ್ಲೂ ಮಂಗಳೂರಲ್ಲಿ. ಕಾಡಿಂದ ಅಲ್ಲ, ಕಟ್ಟಡದಿಂದ. ಸ್ಲ್ಯಾಬ್ ಮೇಲೆ ಕ್ಯೂರಿಂಗ್‌ಗೆ ಕಟ್ಟಿದ ನೀರು, ಮುಚ್ಚಳ ಇಲ್ಲದ ಟ್ಯಾಂಕು, ಅದರಲ್ಲಿ ಸ್ಟೀಫೆನ್ಸಿ ಅನ್ನೋ ಪೇಟೆ ಸೊಳ್ಳೆ ಚೆನ್ನಾಗಿ ಬೆಳೆಯುತ್ತೆ. ಅಲ್ಲಿ ಮಲಗುವ ಕೆಲಸದವರು ಹಾಸನ, ಚಿಕ್ಕಮಗಳೂರು, ಉತ್ತರ ಕರ್ನಾಟಕದವರು.

ಈಗ ನಿಮ್ಮ 14 ದಿನದ ಪ್ರಶ್ನೆಗೆ ಉತ್ತರ ನಿಮ್ಮ ಹುಡುಗನೇ. ವೈವಾಕ್ಸ್ ರೋಗಾಣು ಎರಡು ಕಡೆ ಇರುತ್ತೆ. ಒಂದು ರಕ್ತದಲ್ಲಿ, ನಡುಕ ಜ್ವರ ತರಿಸೋದು ಅದು. ಮೂರು ದಿನದ ಕ್ಲೋರೋಕ್ವಿನ್ ಅದನ್ನ ತೆಗೆಯುತ್ತೆ. ಇನ್ನೊಂದು ಪಾಲು ಲಿವರ್‌ನಲ್ಲಿ ಸದ್ದಿಲ್ಲದೆ ಮಲಗಿರುತ್ತೆ. ಜ್ವರ ಇಲ್ಲ, ನೋವಿಲ್ಲ, ರಕ್ತ ಪರೀಕ್ಷೆ ಮಾಡಿದರೂ ಕಾಣಲ್ಲ. ವಾರ, ತಿಂಗಳು, ಕೆಲವೊಮ್ಮೆ ವರ್ಷ ಕಳೆದು ಎದ್ದು ಬರುತ್ತೆ. ಕ್ಲೋರೋಕ್ವಿನ್ ಅದರ ಹತ್ತಿರ ಸುಳಿಯಲ್ಲ. ಪ್ರೈಮಾಕ್ವಿನ್ ಅನ್ನೋ ಆ ಚಿಕ್ಕ ಮಾತ್ರೆ ಇರೋದೇ ಅದಕ್ಕೆ, 14 ದಿನ ಬೇಕಾಗೋದೂ ಅದಕ್ಕೇ. ಮಂಗಳೂರಿನ ಜ್ವರ ಜೇಬಲ್ಲಿ ಒಗೆಯೋಕೆ ಹೋಗಲಿಲ್ಲ, ಲಿವರ್‌ನಲ್ಲಿ ಕೂತು ಹಾನುಬಾಳಿಗೆ ಬಂತು.

ಹಾಗಾಗಿ ಕೆಲಸದವರನ್ನ ವಾಪಸ್ ಕಳಿಸಿದರೆ ಏನೂ ಉಪಯೋಗ ಇಲ್ಲ, ತೊಂದರೆಯೇ ಜಾಸ್ತಿ. ಅರ್ಧ ಮಾತ್ರೆ ನುಂಗಿದವನು ರೈಲಲ್ಲಿ, ಇನ್ನೊಂದು ತೋಟದಲ್ಲಿ, ಇನ್ನೊಂದು ಲೈನ್‌ನಲ್ಲಿ ಮಲಗ್ತಾನೆ. ನಿಮ್ಮ ಕಣ್ಣ ಮುಂದೆ ಇದ್ದರೆ 14 ದಿನ ಮುಗಿಸಬಹುದು.

ಮಾತ್ರೆ ಖಾಲಿ ಹೊಟ್ಟೆಗೆ ಬೇಡ, ಊಟ ಆದ ಮೇಲೆ ಕೊಡಿ, ಹೊಟ್ಟೆ ಉರಿ ಬಹುಪಾಲು ಕಡಿಮೆ ಆಗುತ್ತೆ. ಆದರೆ ಇದು ಎಲ್ಲರಿಗೂ ಆಗುವ ಮಾತ್ರೆ ಅಲ್ಲ. ಕೆಲವರ ರಕ್ತದಲ್ಲಿ ಜಿ6ಪಿಡಿ ಅನ್ನೋ ಅಂಶ ಹುಟ್ಟಿನಿಂದಲೇ ಕಡಿಮೆ ಇರುತ್ತೆ. ಅಂಥವರಿಗೆ ಇದು ರಕ್ತಕಣಗಳನ್ನ ಒಡೆಯುತ್ತೆ. ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ, ಕಣ್ಣು ಹಳದಿ ಆದರೆ, ತುಟಿ ನೀಲಿ ಕಂಡರೆ, ಉಸಿರು ಹಿಡಿದರೆ ಆ ಕ್ಷಣ ಮಾತ್ರೆ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ಇದನ್ನ ಅವರಿಬ್ಬರಿಗೂ ಅವರ ಭಾಷೆಯಲ್ಲಿ ಹೇಳಿ. ಹೆದರಿಸೋಕೆ ಅಲ್ಲ, ಗೊತ್ತಿದ್ದರೆ ಒಳ್ಳೇದು ಅಂತ.

ಆಲ್ದೂರು_ನೆರಳು:

ಮೇಲಿನವರು ಹೇಳಿದ್ದು ನೂರಕ್ಕೆ ನೂರು ಸರಿ. ನಮ್ಮ ತೋಟದಲ್ಲಿ ಮಾಡಿದ್ದು ಹೇಳ್ತೀನಿ, ಉಪಯೋಗ ಆದರೆ ನೋಡಿ.

ಮಾತ್ರೆ ಅವರ ಕೈಗೆ ಕೊಟ್ಟರೆ ನುಂಗಲ್ಲ. ನಮ್ಮಲ್ಲಿ ಎಂಟು ಗಂಟೆಗೆ ರೈಟರ್ (ತೋಟದ ಗುಮಾಸ್ತ) ಹಾಜರಿ ಕೂಗ್ತಾರಲ್ಲ, ಆಗ ಎಲ್ಲರೂ ಬೆಳಗ್ಗೆ ಅನ್ನ ಉಂಡೇ ಬಂದಿರ್ತಾರೆ. ಹೆಸರು ಕೂಗೋದು, ಮಾತ್ರೆ ಕೈಗೆ, ನೀರಿನ ಚೊಂಬು ಕೈಗೆ, ನುಂಗಿ ಬಾಯಿ ತೋರಿಸಿ ಬಕೆಟ್ ಎತ್ತಿಕೊಂಡು ಹೋಗೋದು. ಎರಡು ದಿನ ಉಳಿದವರು ನಕ್ಕರು. ಆಮೇಲೆ ಅವರೇ ಇವತ್ತು ಎಷ್ಟನೇದು ಅಂತ ಕೇಳೋಕೆ ಶುರು ಮಾಡಿದರು. ಭಾನುವಾರ ಸಂತೆಗೆ ಹೋಗೋ ಮುಂಚೆ ಮಾತ್ರ ನೆನಪಿಟ್ಟು ಹಿಡಿಯಬೇಕು, ತಪ್ಪೋದು ಅವತ್ತೇ.

ಸೊಳ್ಳೆ ಪರದೆ ವಿಷಯ. ಔಷಧಿ ಹಾಕಿದ ಪರದೆ ಕೊಟ್ಟಿದ್ದೆ ಒಂದು ವರ್ಷ, ಒಂದು ಲೈನ್ ಮನೆಗೆ ಎರಡರ ಹಾಗೆ. ತಿಂಗಳು ಬಿಟ್ಟು ನೋಡಿದರೆ ಒಂದು ಪರದೆ ಕಣದಲ್ಲಿ ಮೆಣಸಿನ ಮೇಲೆ, ಕೋಳಿ ಕೆದಕದಿರಲಿ ಅಂತ. ಇನ್ನೊಂದು ಸೊಪ್ಪಿನ ಮಡಿಗೆ ಬೇಲಿ. ಸಿಟ್ಟು ಬಂತು. ಆಮೇಲೆ ಒಳಗೆ ಹೋಗಿ ನೋಡಿದೆ, ಪರದೆ ಕಟ್ಟೋಕೆ ಗೋಡೆಯಲ್ಲಿ ಒಂದು ಮೊಳೆ ಇಲ್ಲ, ಮಲಗೋದು ನೆಲದ ಮೇಲೆ ಸಾಲಾಗಿ. ಅವರದೇನು ತಪ್ಪು? ಕಾರ್ಪೆಂಟರ್ ಕರೆಸಿ ಮೂಲೆಗೆ ನಾಲ್ಕು ಕೊಕ್ಕೆ ಹೊಡೆಸಿದೆ, ಕಿಟಕಿಗೆ ಜಾಲರಿ ಹಾಕಿಸಿದೆ. ಕೋಳಿಗೆ ಹಳೇ ಬಲೆ ಕೊಟ್ಟೆ. ಈಗ ಪರದೆ ಕಟ್ಟಿಕೊಂಡು ಮಲಗ್ತಾರೆ. ಒಗೆದರೆ ನೆರಳಲ್ಲಿ ಒಣಗಿಸಬೇಕು, ಬಿಸಿಲಿಗೆ ಹಾಕಿದರೆ ಔಷಧಿ ಹೋಗುತ್ತೆ. ಪದೇ ಪದೇ ಒಗೆಯೋದೂ ಬೇಡ.

ಇನ್ನೊಂದು, ಇದು ನನ್ನ ಹೊಟ್ಟೆ ಉರಿ. ಕೆಲವು ವರ್ಷದ ಹಿಂದೆ ನಮ್ಮ ರೈಟರ್‌ಗೆ ಇದೇ ಥರ ಜ್ವರ ಬಂತು. ಹತ್ತಿರದ ಒಂದು ಕ್ಲಿನಿಕ್‌ಗೆ ಹೋದ, ಹೆಸರು ಬೇಡ. ಒಂದು ಸೂಜಿ ಹಾಕಿದರು, ಬೆವರಿ ಜ್ವರ ಇಳಿಯಿತು, ವಾಪಸ್ ಬಂದ. ಎರಡು ದಿನಕ್ಕೆ ಮತ್ತೆ ಜ್ವರ, ಮತ್ತೆ ಸೂಜಿ. ಹೀಗೆ ಹತ್ತು ದಿನ. ರಕ್ತ ನೋಡಬೇಕು ಅಂತ ಒಬ್ಬರಿಗೂ ಅನ್ನಿಸಲಿಲ್ಲ. ಕೊನೆಗೆ ಕಣ್ಣು ಹಳದಿ ಆಗಿ ಜೀಪಲ್ಲಿ ಮಲಗಿಸಿಕೊಂಡು ಹಾಸನಕ್ಕೆ ಹೋಗಬೇಕಾಯ್ತು. ಅಲ್ಲಿ ನೋಡಿದರೆ ಫಾಲ್ಸಿಪಾರಂ ಮಲೇರಿಯಾ. ಬದುಕಿದ, ದೊಡ್ಡದು. ಅವತ್ತಿಂದ ನಮ್ಮ ತೋಟದಲ್ಲಿ ಜ್ವರ ಅಂದರೆ ಮೊದಲು ಬೆರಳು ಚುಚ್ಚೋದು, ಆಮೇಲೆ ಮಿಕ್ಕಿದ್ದು.

ಡ್ಯೂಟಿ_ರೂಮು:

ನಾನು ವೈದ್ಯೆ, ಚಿಕ್ಕಮಗಳೂರು ಜಿಲ್ಲೆಯಲ್ಲೇ ಕೆಲಸ. ಮೇಲೆ ಹಿರಿಯರು ಬಹಳ ಚೆನ್ನಾಗಿ ಹೇಳಿದ್ದಾರೆ, ಬಿಟ್ಟುಹೋದದ್ದು ಸೇರಿಸ್ತೀನಿ.

ತಂಗಿ ವಿಷಯ. ಬಸುರಿಯರಿಗೆ ಮಲೇರಿಯಾ ಬಂದರೆ ತಾಯಿಗೂ ಮಗುವಿಗೂ ಕಷ್ಟ. ರಕ್ತ ಕಡಿಮೆ ಆಗುತ್ತೆ, ಮಗು ತೂಕ ಕಡಿಮೆ ಹುಟ್ಟಬಹುದು, ಹೆರಿಗೆ ಬೇಗ ಆಗಬಹುದು. ಅವರಿಗೆ ಜ್ವರ ಬಂದರೆ ಅವತ್ತೇ ರಕ್ತ ಪರೀಕ್ಷೆ, ನಾಳೆ ನೋಡೋಣ ಅನ್ನೋದು ಬೇಡ. ಮತ್ತೆ, ಲೈನ್‌ನಲ್ಲಿ ಉಳಿದ ಮಾತ್ರೆ ಇದೆ, ಮುಂಜಾಗ್ರತೆಗೆ ಒಂದು ನುಂಗು ಅಂತ ಯಾರೂ ಹೇಳಬೇಡಿ. ಪ್ರೈಮಾಕ್ವಿನ್ ಬಸುರಿಯರಿಗೆ ಕೊಡುವುದಿಲ್ಲ, ಒಂದು ವರ್ಷದ ಒಳಗಿನ ಮಕ್ಕಳಿಗೂ ಕೊಡುವುದಿಲ್ಲ. ಹಾಲು ಕುಡಿಸುವ ತಾಯಿ ಆದರೆ ಡಾಕ್ಟರ್‌ಗೆ ಮೊದಲೇ ತಿಳಿಸಬೇಕು. ಮಕ್ಕಳ ಡೋಸ್ ಬೇರೆ, ದೊಡ್ಡವರ ಮಾತ್ರೆ ಅರ್ಧ ಮುರಿದು ಕೊಡೋದು ದಯವಿಟ್ಟು ಬೇಡ. ಸದ್ಯಕ್ಕೆ ತಂಗಿ, ಮಗಳು ಇಬ್ಬರೂ ಪರದೆ ಒಳಗೆ ಮಲಗಲಿ. ಅಷ್ಟು ಸಾಕು, ಹೆದರಬೇಡಿ.

ಆಲ್ದೂರಿನವರು ಹೇಳಿದ ಫಾಲ್ಸಿಪಾರಂ ಬೇರೆ ಜಾತಿ, ಅದರ ಚಿಕಿತ್ಸೆಯೂ ಬೇರೆ. ಆರ್ಟಿಸುನೇಟ್ ಜೊತೆ ಇನ್ನೊಂದು ಔಷಧಿ ಸೇರಿದ ಎಸಿಟಿ ಮಾತ್ರೆಗಳು, ಮೂರು ದಿನ. ಅದಕ್ಕೇ ಯಾವ ಜಾತಿ ಅಂತ ತಿಳಿಯದೆ ಅಂಗಡಿಯಿಂದ ಮಾತ್ರೆ ತಂದು ನುಂಗಬಾರದು. ತಡ ಆದರೆ ಅದು ಮಿದುಳು, ಕಿಡ್ನಿಗೆ ಹೋಗುತ್ತೆ. ರೋಗಿ ಮಾತು ತಡವರಿಸಿದರೆ, ಮಂಪರು ಬಂದರೆ, ಫಿಟ್ಸ್ ಬಂದರೆ, ಕುಡಿದ ನೀರೂ ನಿಲ್ಲದ ಹಾಗೆ ವಾಂತಿ ಆದರೆ ಮಾತ್ರೆ ಹುಡುಕುತ್ತಾ ಕೂರಬೇಡಿ. ಗಾಡಿ ತೆಗೆದು ದೊಡ್ಡ ಆಸ್ಪತ್ರೆಗೆ ಹೊರಡಿ, ಅಲ್ಲಿ ಇಂಜೆಕ್ಷನ್ ಕೊಡ್ತಾರೆ.

ಕಿಟ್ ಬಗ್ಗೆ ಒಂದು ಮಾತು. ಜ್ವರ ವಾಸಿಯಾದ ಮೇಲೂ ಕೆಲವು ಕಿಟ್‌ಗಳಲ್ಲಿ ವಾರಗಟ್ಟಲೆ ಗೆರೆ ಬರುತ್ತೆ. ಅದನ್ನ ನೋಡಿ ಮಾತ್ರೆ ಕೆಲಸ ಮಾಡಲಿಲ್ಲ ಅಂದುಕೊಳ್ಳಬೇಡಿ. ವಾಸಿ ಆಗಿದೆಯಾ ನೋಡೋಕೆ ಮೈಕ್ರೋಸ್ಕೋಪಲ್ಲಿ ನೋಡೋ ರಕ್ತದ ಸ್ಲೈಡೇ ಸರಿ. ಹಾಗೇ ಒಂದು ಸಲ ನೆಗೆಟಿವ್ ಬಂದು ಜ್ವರ ಬಿಡದಿದ್ದರೆ ಮತ್ತೊಮ್ಮೆ ನೋಡಿಸಬೇಕು.

ನಮ್ಮ ಕಡೆ ನಡುಕದ ಜ್ವರ ಎಲ್ಲ ಮಲೇರಿಯಾ ಅಲ್ಲ ಅನ್ನೋದೂ ನೆನಪಿರಲಿ. ಗದ್ದೆ ಕೆಸರಲ್ಲಿ ಬರಿಗಾಲಲ್ಲಿ ನಿಂತವನಿಗೆ ಇಲಿ ಜ್ವರ ಬರಬಹುದು, ಮೀನಖಂಡ ಮುಟ್ಟೋಕೆ ಆಗದಷ್ಟು ನೋವು, ಕಣ್ಣು ಕೆಂಪು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಬೇಸಿಗೆಗೆ ಮುಂಚೆ ಮಂಗನ ಕಾಯಿಲೆ, ಅದು ಉಣುಗು ಕಚ್ಚಿ ಬರೋದು. ಡೆಂಗಿ ಅಂತೂ ಎಲ್ಲ ಕಡೆ. ಡೆಂಗಿ ಅನುಮಾನ ಇದ್ದಾಗ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ, ನೋವಿನ ಸೂಜಿ ಅಪಾಯ.

ಫಾಗಿಂಗ್ ಕೇಳಿದ್ದೀರಿ. ನೋಡೋಕೆ ಜೋರು, ಫೋಟೋಗೆ ಚಂದ. ಹೊಗೆ ತಾಗಿದ ಸೊಳ್ಳೆ ಮಾತ್ರ ಸಾಯುತ್ತೆ, ನೀರಲ್ಲಿರೋ ಮರಿಗೆ ಏನೂ ಆಗಲ್ಲ, ಮುಂದಿನ ವಾರ ಅವು ರೆಕ್ಕೆ ಕಟ್ಟಿಕೊಂಡು ಬರುತ್ತವೆ. ತೋಟದ ಮರದ ಕೆಳಗಂತೂ ಇನ್ನೂ ಕಷ್ಟ. ಅಷ್ಟು ಹೊತ್ತನ್ನ ನೀರು ಹುಡುಕೋಕೆ ಕೊಡಿ.

ಹಾನುಬಾಳು_ತೋಟ:

ಮೇಡಂ, ತುಂಬಾ ಥ್ಯಾಂಕ್ಸ್. ತಂಗಿಗೆ ಓದಿ ಹೇಳಿದೆ, ಅವಳಿಗಿಂತ ಅಮ್ಮನಿಗೆ ಸಮಾಧಾನ ಆಯ್ತು. ನೀರು ಅಂದರೆ ನಮ್ಮಲ್ಲಿ ಎಲ್ಲಿ ಅಂತ ಹುಡುಕೋದು? ತೊಟ್ಟಿಲು ಗುಂಡಿ, ಕೆರೆ, ಹಳ್ಳ, ಕಾಫಿ ಹಣ್ಣು ಸುಲಿಯೋ ಪಲ್ಪರ್ ಪಕ್ಕದ ಗುಂಡಿ, ಔಷಧಿ ಕಲಸೋ ಬೋರ್ಡೋ ಡ್ರಮ್ಮು, ಅಡಿಕೆ ಹಾಳೆ, ಎಲ್ಲ ಕಡೆ ನೀರೇ.

ಬಯಲುಸೀಮೆ_ಅರಸೀಕೆರೆ:

ಮಲೆನಾಡಿನವರಿಗೆ ನೀರು ಜಾಸ್ತಿ ಅನ್ನೋ ಚಿಂತೆ, ನಮಗೆ ನೀರಿಲ್ಲ ಅನ್ನೋ ಚಿಂತೆ. ಆದರೂ ಮಲೇರಿಯಾ ನಮ್ಮನ್ನೂ ಬಿಟ್ಟಿರಲಿಲ್ಲ. ನಾನು ಹುಡುಗನಾಗಿದ್ದಾಗ ನಮ್ಮ ಕಡೆ ತೆರೆದ ಬಾವಿಗಳು ಜಾಸ್ತಿ. ರೇಷ್ಮೆ ಹುಳ ಸಾಕೋ ಮನೆಯವರು ಔಷಧಿ ಸಿಂಪಡಿಸೋಕೆ ಬಂದರೆ ಬಾಗಿಲು ಹಾಕಿಕೊಳ್ಳೋರು, ಹುಳ ಸಾಯುತ್ತೆ ಅಂತ. ಹುಳ ಸತ್ತರೆ ವರ್ಷದ ಅನ್ನ ಹೋಯ್ತಲ್ಲ, ತಪ್ಪೇನಿಲ್ಲ. ಆಮೇಲೆ ಬಾವಿಗೆ ಗಪ್ಪಿ ಮೀನು ತಂದು ಬಿಟ್ಟರು. ಹೆಬ್ಬೆರಳ ಉಗುರಿನಷ್ಟು ಇರ್ತಾವೆ. ಬಿಂದಿಗೆಯಲ್ಲಿ ಮೇಲೆ ಬಂದರೆ ನಮ್ಮವ್ವ ಬೈಕೊಂಡು ಮತ್ತೆ ಬಾವಿಗೇ ಸುರೀತಿದ್ದಳು. ಸೊಳ್ಳೆ ಮರಿ ಅವಕ್ಕೆ ಊಟ. ಖರ್ಚಿಲ್ಲ, ವಾಸನೆ ಇಲ್ಲ, ಹುಳಕ್ಕೂ ತೊಂದರೆ ಇಲ್ಲ. ಗೌಡ್ರೇ, ನಿಮ್ಮ ತೊಟ್ಟಿಗಳಿಗೆ ಬಿಡಿ.

ಹಳೇ_ಸ್ಲೈಡು:

ಬಯಲುಸೀಮೆಯವರೇ, ಆ ಬಿಂದಿಗೆ ಬೈಗುಳ ನಾನೂ ತಿಂದಿದ್ದೀನಿ. ಮೀನು ಬಿಡೋಕೆ ಹೋದವರಲ್ಲಿ ನಾನೂ ಒಬ್ಬ. ಒಂದು ಎಚ್ಚರಿಕೆ ಮಾತ್ರ. ಗಪ್ಪಿ, ಗಂಬೂಸಿಯಾ ಎರಡೂ ಹೊರದೇಶದ ಮೀನು. ತೊಟ್ಟಿ, ಬಾವಿ, ಸಿಮೆಂಟ್ ಹೊಂಡಕ್ಕೆ ಬಿಡಿ. ಹಳ್ಳಕ್ಕೆ, ಹರಿಯೋ ಕೆರೆಗೆ ಬಿಡಬೇಡಿ, ನಮ್ಮ ಹಳ್ಳದ ಮೀನಿನ ಮರಿಗಳನ್ನ ತಿಂದು ಹಾಕುತ್ತವೆ.

ಹಾನುಬಾಳು ಅವರೇ, ಎಲ್ಲ ನೀರೂ ಒಂದೇ ಅಲ್ಲ. ಅಡಿಕೆ ಹಾಳೆ, ಟೈರು, ಡ್ರಮ್ಮು, ಟಾರ್ಪಾಲ್ ಮಡಿಕೆಯ ನೀರು, ಇವು ಡೆಂಗಿ ಸೊಳ್ಳೆಯ ಮನೆ, ಅದು ಹಗಲು ಕಚ್ಚುತ್ತೆ. ಪಲ್ಪರ್ ಗುಂಡಿಯ ನಾರುವ ನೀರಲ್ಲಿ ಇರೋದು ಬೇರೆ ಸೊಳ್ಳೆ. ನಮ್ಮ ಮಲೇರಿಯಾ ಸೊಳ್ಳೆಗೆ ಬೇಕಾದ್ದು ಚೊಕ್ಕ ನೀರು. ಹುಲ್ಲು ಬಾಗಿದ ಹಳ್ಳದ ಅಂಚು, ನಿಧಾನ ಹರಿಯೋ ಕಾಲುವೆ, ಗದ್ದೆ ಬದುವಿನ ಜಿನುಗು, ಬಂಡೆ ಮೇಲಿನ ಗುಳಿ, ಬಾವಿ, ದನದ ಗೊರಸಿನ ಗುರುತಲ್ಲಿ ನಿಂತ ಮಳೆ ನೀರು ಕೂಡ. ಅದು ಕಚ್ಚೋದು ಮುಸ್ಸಂಜೆಯಿಂದ ಬೆಳಗಿನ ಜಾವದವರೆಗೆ.

ನೋಡೋದು ಹೇಗೆ ಅಂದರೆ, ಒಂದು ಬಿಳಿ ಬೇಸಿನ್‌ನಲ್ಲಿ ಅಂಚಿನ ನೀರು ಮೆಲ್ಲಗೆ ಮೊಗೆಯಿರಿ. ಅಲುಗಾಡಿಸದೆ ಒಂದು ನಿಮಿಷ ಇಡಿ. ತಲೆ ಕೆಳಗೆ ಮಾಡಿ ಬಾಲದಿಂದ ನೇತಾಡುವ ಮರಿ ಬೇರೆ ಸೊಳ್ಳೆಯದು. ಕಡ್ಡಿ ತೇಲಿದ ಹಾಗೆ ನೀರಿನ ಮೇಲೆ ಉದ್ದಕ್ಕೆ ಮಲಗಿದ್ದರೆ ಅದು ಅನಾಫಿಲಿಸ್. ಒಂದು ಸಲ ನೋಡಿದರೆ ಆಮೇಲೆ ಮರೆಯಲ್ಲ. ದೊಡ್ಡ ಸೊಳ್ಳೆ ಆದರೆ ಗೋಡೆ ಮೇಲೆ ಹಿಂಭಾಗ ಎತ್ತಿ ಓರೆಯಾಗಿ ಕೂರುತ್ತೆ. ಬೆಳಗ್ಗೆ ಕೊಟ್ಟಿಗೆಗೆ ಟಾರ್ಚ್ ಹಾಕಿ ನೋಡಿ.

ಮೊಟ್ಟೆಯಿಂದ ಸೊಳ್ಳೆ ಆಗಲು ವಾರದಿಂದ ಹತ್ತು ದಿನ ಸಾಕು. ಹಾಗಾಗಿ ವಾರಕ್ಕೊಂದು ದಿನ ಗೊತ್ತು ಮಾಡಿ ತೊಟ್ಟಿ ಖಾಲಿ ಮಾಡಿ ಉಜ್ಜಿ ಒಣಗಿಸಿ. ಹಳ್ಳದಂಚಿನ ಹುಲ್ಲು ಸವರಿ, ನೀರು ಜೋರಾಗಿ ಹರಿದರೆ ಮರಿ ನಿಲ್ಲಲ್ಲ. ಸ್ಪ್ರಿಂಕ್ಲರ್ ಪೈಪಿನ ಜಾಯಿಂಟ್ ಸೋರಿ ನೀರು ನಿಂತಿದ್ದರೆ ಅದನ್ನ ಸರಿ ಮಾಡಿಸಿ. ಲೈನ್ ಮನೆ ಹತ್ತಿರದ್ದು ಮೊದಲು. 22 ಎಕರೆ ಪೂರ್ತಿ ಒಣಗಿಸೋಕೆ ಯಾರಿಂದಲೂ ಆಗಲ್ಲ.

ಕಣದಂಚು ಅವರಿಗೆ ಹಳೇ ಸಾಲ ಬಾಕಿ ಇದೆ. ಮೈಸೂರು ಸಂಸ್ಥಾನ 1920ರ ದಶಕದ ಕೊನೆಯಲ್ಲೇ ರಾಕ್‌ಫೆಲರ್ ಫೌಂಡೇಶನ್ ಜೊತೆ ಸೇರಿ ಮಲೇರಿಯಾ ಅಧ್ಯಯನಕ್ಕೆ ಕೇಂದ್ರಗಳನ್ನ ತೆರೆಯಿತು. ಅದರಲ್ಲಿ ಒಂದು ಮೂಡಿಗೆರೆ. ಸುಮ್ನೆ ಮೂಡಿಗೆರೆ ಆರಿಸಲಿಲ್ಲ, ಮಲೆನಾಡಿಗೆ ಹೆಣ್ಣು ಕೊಡೋಕೆ ಬಯಲಿನವರು ಹೆದರುತ್ತಿದ್ದ ಕಾಲ ಅದು. ದೇಶದಲ್ಲಿ ಸ್ವಾತಂತ್ರ್ಯದ ಹೊತ್ತಿಗೆ ವರ್ಷಕ್ಕೆ ಏಳೂವರೆ ಕೋಟಿ ಜನಕ್ಕೆ ಮಲೇರಿಯಾ ಬರುತ್ತಿತ್ತು ಅಂತ ಅಂದಾಜು. 1953ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಬಂತು, ಮನೆ ಮನೆಗೆ ಡಿಡಿಟಿ. 1965ಕ್ಕೆ ಒಂದು ಲಕ್ಷಕ್ಕೆ ಇಳಿಯಿತು. ಮುಗೀತು ಅಂತ ಕೈ ಬಿಟ್ಟರು, 1976ಕ್ಕೆ ಮತ್ತೆ 64 ಲಕ್ಷ. ಇದು ಕಷಾಯದಿಂದ ಬಂದ ಇಳಿಕೆ ಅಲ್ಲ ಸ್ವಾಮಿ.

ಕಣದಂಚು:

ಆಯ್ತು ಗುರುಗಳೇ, ಒಪ್ಪಿದೆ. ಕಷಾಯ ಮಾತ್ರೆ ಬದಲಿಗೆ ಅಲ್ಲ, ಲಿವರ್ ಬಗ್ಗೆ ಹೇಳಿದ್ದೂ ತಪ್ಪು. ಲಕ್ಕಿಸೊಪ್ಪಿನ ಹೊಗೆ ಆದರೂ ಹಾಕಬಹುದಾ? ಕೊಟ್ಟಿಗೆಗೆ ಹಾಕಿದರೆ ದನ ಬಾಲ ಬೀಸೋದು ನಿಲ್ಲಿಸುತ್ತವೆ, ಅದಂತೂ ಕಣ್ಣಾರೆ ನೋಡಿದ್ದೀನಿ.

ಡ್ಯೂಟಿ_ರೂಮು:

ಕೊಟ್ಟಿಗೆಗೆ ಹಾಕಿ, ಹೊಗೆ ಇರೋವಷ್ಟು ಹೊತ್ತು ಸೊಳ್ಳೆ ದೂರ ಹೋಗುತ್ತೆ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಬಸುರಿ, ಮಕ್ಕಳು ಮಲಗಿದಾಗ ಬೇಡ. ಪರದೆ ಇದ್ದರೆ ಹೊಗೆ ಬೇಕಾಗಲ್ಲ.

ಹಾನುಬಾಳು_ತೋಟ:

ಎರಡು ವಾರ ಆಯ್ತು, ಏನಾಯ್ತು ಹೇಳ್ತೀನಿ ಅಂತ ಬಂದೆ.

ಯಾರನ್ನೂ ವಾಪಸ್ ಕಳಿಸಲಿಲ್ಲ. ಆಲ್ದೂರಿನವರು ಹೇಳಿದ ಹಾಗೆ ಹಾಜರಿ ಹೊತ್ತಿಗೆ ಮಾತ್ರೆ. ಅಸ್ಸಾಂ ಹುಡುಗ ಲೈನ್ ಗೋಡೆ ಮೇಲೆ ಇದ್ದಿಲಲ್ಲಿ ದಿನಕ್ಕೊಂದು ಗೆರೆ ಎಳೀತಿದ್ದ. ನಮ್ಮ ಮೋಟರ್ ಹುಡುಗ ಒಂಬತ್ತನೇ ದಿನ ಊರ ಹಬ್ಬ ಅಂತ ತಪ್ಪಿಸಿಕೊಳ್ಳೋಕೆ ನೋಡಿದ. ಅವನ ಹೆಂಡತಿಗೆ ಫೋನ್ ಮಾಡಿ ಮಂಗಳೂರಿನ ಚೀಟಿ ಕಥೆ ಹೇಳಿದೆ. ಹತ್ತು ನಿಮಿಷಕ್ಕೆ ಅವನೇ ಬಂದು ಕೈ ಚಾಚಿದ. ಇಬ್ಬರದೂ 14 ಮುಗೀತು. ಮೂತ್ರದ ಬಣ್ಣ ದಿನಾ ಕೇಳ್ತಿದ್ದೆ, ರೈಟರ್‌ಗೆ ನಗು. ಸ್ಲೈಡ್ ನೆಗೆಟಿವ್ ಬಂದಿದೆ. ಉಳಿದ ಹತ್ತು ಜನರದ್ದೂ ಮೊದಲೇ ನೆಗೆಟಿವ್ ಬಂದಿತ್ತು. ಆದರೂ ಯಾರಿಗಾದರೂ ಮೈ ಬಿಸಿ ಆದರೆ ಫೋನ್ ಮಾಡಿ ಅಂತ ಆಶಾ ಅಕ್ಕ ನಂಬರ್ ಗೋಡೆಗೆ ಬರೆದು ಹೋಗಿದ್ದಾರೆ. ಮುಂದಿನ ವರ್ಷದಿಂದ ಹೊಸಬರು ಬಂದಿಳಿದ ದಿನವೇ ತಿಳಿಸಿ, ರಕ್ತ ನೋಡಿಯೇ ಕೆಲಸಕ್ಕೆ ಬಿಡೋಣ ಅಂದರು.

ಬಿಳಿ ಬೇಸಿನ್ ತಗೊಂಡು ಭಾನುವಾರ ಮಗಳ ಜೊತೆ ತಿರುಗಿದೆ. ಹಳ್ಳದಲ್ಲಿ ಸಿಗಲಿಲ್ಲ. ಸಿಕ್ಕಿದ್ದು ಎಲ್ಲಿ ಗೊತ್ತಾ, ಲೈನ್ ಹಿಂದೆ, ಬಟ್ಟೆ ಒಗೆಯೋ ಕಲ್ಲಿನ ಪಕ್ಕದ ಹಳೇ ಸಿಮೆಂಟ್ ತೊಟ್ಟಿ. ಉದ್ದಕ್ಕೆ ಮಲಗಿದ್ದವು, ಸರ್ ಹೇಳಿದ ಹಾಗೇ. ಮಗಳು ಎಣಿಸೋಕೆ ಕೂತಳು, ಹದಿನೇಳು ತನಕ ಬಂದು ಮತ್ತೆ ಒಂದರಿಂದ ಶುರು ಮಾಡಿದಳು. ತೊಟ್ಟಿ ಖಾಲಿ ಮಾಡಿಸಿದೆ. ಮೋಟರ್ ಮನೆ ಹತ್ತಿರದ ದೊಡ್ಡ ತೊಟ್ಟಿ ಖಾಲಿ ಮಾಡೋಕಾಗಲ್ಲ, ಅದಕ್ಕೆ ಗಪ್ಪಿ ಬಿಟ್ಟಿದ್ದೀವಿ.

ಲೈನ್‌ನಲ್ಲಿ ಕೊಕ್ಕೆ ಹೊಡೆಸಿದ್ದೀನಿ. ಪಕ್ಕದ ತೋಟದವರು ನಿನ್ನೆ ಬೇಲಿ ಹತ್ತಿರ ನಿಂತು ಆಶಾ ಅಕ್ಕನ ನಂಬರ್ ಕೇಳಿದರು. ಅವರ ಜೀಪ್ ಡ್ರೈವರ್‌ಗೆ ನಡುಕ ಜ್ವರವಂತೆ. ಮಂಗಳೂರಿಗೆ ಮೆಣಸು ಹಾಕೋಕೆ ಹೋಗಿ ಬಂದಿದ್ದನಾ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ತಿಂಗಳಿಗೆ ಎರಡು ಸಲ ಹೋಗ್ತಾನೆ, ರಾತ್ರಿ ಲಾರಿ ಸ್ಟ್ಯಾಂಡಲ್ಲೇ ಮಲಗ್ತಾನೆ ಅಂದರು.